ಸ್ಪೀಕರಿನ ಬೇರು ಸಪ್ಲೈಯಲ್ಲಿದೆ

ಎಲ್ಲರಿಗೂ ನಮಸ್ಕಾರ.

ಈಗ ತಾನೇ ಈ ಹಳೇ ವಾಲ್ವ್ ರೇಡಿಯೋ ಸೆಟ್ಟಿನ ಸ್ವಿಚ್ ಹಾಕಿದೆ. ಇನ್ನೊಂದು ಇಪ್ಪತ್ತು ಮೂವತ್ತು ಸೆಕೆಂಡು ಏನೂ ಕೇಳಿಸುವುದಿಲ್ಲ. ವಾಲ್ವುಗಳು ಬಿಸಿಯಾಗಬೇಕು. ಹಿಂದಿನ ಮುಚ್ಚಳ ತೆಗೆದು ಸೆಟ್ಟನ್ನು ನಿಮ್ಮ ಕಡೆ ತಿರುಗಿಸಿ ಇಟ್ಟಿದ್ದೇನೆ. ಒಳಗೆ ಕೆಂಡದ ಹಾಗೆ ಸಣ್ಣಗೆ ಬೆಳಗುತ್ತಿರುವ ಗಾಜಿನ ಬುರುಡೆಗಳೇ ವಾಲ್ವುಗಳು. ಈ ಸಭಾಂಗಣದಲ್ಲಿ ಎಲ್‌ಇಡಿ ದೀಪಗಳ ಗದ್ದಲ ಜಾಸ್ತಿ, ನಿಲಯ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಹಿಂದುಗಡೆ ಗ್ರಾಮಫೋನಿಗೆ ಅಂತ ಇರುವ ತೂತಿಗೆ ನನ್ನ ಮೊಬೈಲ್ ಜೋಡಿಸಿದ್ದೇನೆ.

ಬಂತು. ಗಮನಿಸಿದಿರಾ? ಮೊದಲು ಬಂದದ್ದು ಹಾಡಲ್ಲ. ಸಣ್ಣದೊಂದು ಗುಂಯ್ ಶಬ್ದ. ಅದರ ಬೆನ್ನಿಗೆ ಹಾಡು. ಮುಂದಿನ ಸಾಲಿನವರಿಗೆ ಆ ಗುಂಯ್ ಈಗಲೂ ಹಾಡಿನ ಅಡಿಯಲ್ಲಿ ಕೇಳುತ್ತಿರಬೇಕು. ಅದು ನಮ್ಮ ಗೋಡೆಯ ಪ್ಲಗ್ಗಿನಿಂದ ಬಂದ ಕರೆಂಟಿನ ಸದ್ದು. ಹಾಡು ಎಲ್ಲಿಂದ ಬಂತು? ಅದೂ ಅದೇ ಕರೆಂಟು. ಗಾಳಿಯಲ್ಲಿ ಬರುವ ರೇಡಿಯೋ ಅಲೆಗೆ ಈ ಸ್ಪೀಕರಿನ ಕಾಗದವನ್ನು ಅಲುಗಿಸುವ ಶಕ್ತಿ ಎಲ್ಲಿದೆ? ಅದು ಹೇಗೆ ಅಲುಗಬೇಕು ಅಂತ ಹೇಳುತ್ತದೆ, ಅಷ್ಟೇ. ಅಲುಗಿಸುವ ಬಲ ಪೂರ್ತಿ ಪವರ್ ಸಪ್ಲೈಯದು, ಅಂದರೆ ವಾಲ್ವುಗಳಿಗೆ ಬೇಕಾದ ಹಾಗೆ ಕರೆಂಟು ಒದಗಿಸುವ ಭಾಗದ್ದು. ತೋಟದ ಕಾಲುವೆಗೆ ಅಡ್ಡ ಹಲಗೆ ಇಟ್ಟು ನೀರು ಏರಿಸಿ ಇಳಿಸಿ ಮಾಡುತ್ತೇವಲ್ಲ, ವಾಲ್ವು ಆ ಹಲಗೆ. ನೀರು ಬರುವುದು ಸಪ್ಲೈಯಿಂದ. ಕೊನೆಗೆ ಬಿದ್ದು ಸದ್ದು ಮಾಡುವ ಜಾಗ ಸ್ಪೀಕರು.

ಹಳೇ ರೇಡಿಯೋ ಇಟ್ಟುಕೊಂಡವರು ಸ್ಪೀಕರನ್ನೇ ಬೇರೆ, ಸಪ್ಲೈಯನ್ನೇ ಬೇರೆ ಅಂತ ನೋಡುತ್ತಾರೆ. ದನಿ ಕೆಟ್ಟರೆ ಸ್ಪೀಕರ್ ಬದಲಾಯಿಸಿ ಅನ್ನುತ್ತಾರೆ. ನನಗೆ ಬರುವ ಹತ್ತು ಸೆಟ್ಟಿನಲ್ಲಿ ಯಾರೋ ಸುಮ್ನೆ ಸ್ಪೀಕರ್ ಕಿತ್ತು ಬೇರೆ ಹಾಕಿರುವುದು ಎರಡಾದರೂ ಇರುತ್ತದೆ. ಕಾಯಿಲೆ ಮಾತ್ರ ಇದ್ದಲ್ಲೇ ಇರುತ್ತದೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇದೊಂದೇ: ವಾಲ್ವ್ ರೇಡಿಯೋದಲ್ಲಿ ಇವೆರಡೂ ಒಂದೇ ಗಿಡ. ಮೇಲೆ ಎಲೆ ಬಾಡಿದರೆ ಬೇರು ನೋಡಬೇಕು.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಊರಿಗೆ ಕರೆಂಟಿಗಿಂತ ಮೊದಲು ರೇಡಿಯೋ ಬಂತು. ಜೋಗದಲ್ಲಿ 1948ರಲ್ಲೇ ವಿದ್ಯುತ್ ತಯಾರಾಗುತ್ತಿತ್ತು. ಆದರೆ ಗುಡ್ಡದ ಮಗ್ಗುಲಿನ ಒಂಟಿ ಮನೆಗಳಿಗೆ ತಂತಿ ಎಳೆಯಲು ಎಷ್ಟೋ ವರ್ಷ ಹಿಡಿಯಿತು. ಅಲ್ಲಿಯವರೆಗೆ ಬ್ಯಾಟರಿ ಸೆಟ್ಟೇ ಗತಿ. ಅದಕ್ಕೆ ಎರಡು ಬಗೆಯ ಬ್ಯಾಟರಿ ಬೇಕಿತ್ತು. ವಾಲ್ವಿನ ಒಳಗಿನ ಎಳೆ ಬಿಸಿಯಾಗಲು ಒಂದೂವರೆ ವೋಲ್ಟು. ವಾಲ್ವು ಕೆಲಸ ಮಾಡಲು 90 ವೋಲ್ಟು. ಆ 90 ವೋಲ್ಟಿನ ಡಬ್ಬಿ ಬಿಚ್ಚಿದರೆ ಒಂದೂವರೆ ವೋಲ್ಟಿನ 60 ಪುಟ್ಟ ಸೆಲ್ಲುಗಳು ಸಾಲಾಗಿ ಜೋಡಿಸಿರುತ್ತಿದ್ದವು. ಮಕ್ಕಳಾಗಿದ್ದಾಗ ಸತ್ತ ಬ್ಯಾಟರಿ ಒಡೆದು ಒಳಗಿನ ಕರಿ ತೆಗೆದು ಗೋಡೆ ಮೇಲೆ ಬರೆದದ್ದು ನೆನಪಿದೆ.

ಅಷ್ಟೆಲ್ಲ ಮಾಡಿ ಸ್ಪೀಕರಿಗೆ ಸಿಗುತ್ತಿದ್ದದ್ದು ಎಷ್ಟು? ಡಿಎಲ್92 ಅಂತ ಒಂದು ಬ್ಯಾಟರಿ ವಾಲ್ವು ಇತ್ತು. 90 ವೋಲ್ಟಿನಲ್ಲಿ ಅದು ಕೊಡುವುದು ಸುಮಾರು ಕಾಲು ವ್ಯಾಟು. ಈಗ ಮೇಜಿನ ಮೇಲಿರುವ ಈ ಕರೆಂಟಿನ ಸೆಟ್ಟು ನಾಲ್ಕು ವ್ಯಾಟು ಕೊಡುತ್ತದೆ. ಕಾಲು ವ್ಯಾಟಿನಲ್ಲಿ ಜಗಲಿ ತುಂಬ ಜನ ಕೇಳಬೇಕಿತ್ತು. ನಮ್ಮ ಅಜ್ಜನ ಮನೆಯಲ್ಲಿ ವಾರ್ತೆ ಮುಗಿದ ಕೂಡಲೇ ಆರಿಸಿಬಿಡುತ್ತಿದ್ದರು. ಬ್ಯಾಟರಿ ಖರ್ಚಾಗುತ್ತದೆ ಅಂತ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮಾತ್ರ ರಿಯಾಯಿತಿ. ಆಗ ಕತ್ತಿಯ ಸದ್ದು, ಮಾತಿನ ಸದ್ದು ಎಲ್ಲದರ ನಡುವೆ ಭದ್ರಾವತಿ ಆಕಾಶವಾಣಿ ಕೇಳಬೇಕು. 1965ರಲ್ಲಿ ಭದ್ರಾವತಿ ನಿಲಯ ಶುರುವಾದ ಮೇಲೆ ನಮಗೆ ಹತ್ತಿರದಲ್ಲೇ ಒಂದು ದನಿ ಸಿಕ್ಕಿತು. ರೇಡಿಯೋ ಸಣ್ಣಗೆ ಮಾತಾಡುತ್ತಿತ್ತು, ಜನ ಸುಮ್ಮನಾಗುತ್ತಿದ್ದರು.

ಕಾರಿನ 6 ವೋಲ್ಟ್ ಬ್ಯಾಟರಿಯಿಂದ ನಡೆಯುವ ಸೆಟ್ಟುಗಳೂ ಇದ್ದವು. ಅವುಗಳಲ್ಲಿ ವೈಬ್ರೇಟರ್ ಅಂತ ಒಂದು ಡಬ್ಬಿ. ಒಳಗೆ ಒಂದು ಉಕ್ಕಿನ ನಾಲಗೆ ಸೆಕೆಂಡಿಗೆ ನೂರು ಸಲ, ಅದಕ್ಕೂ ಸ್ವಲ್ಪ ಜಾಸ್ತಿ, ಆ ಕಡೆ ಈ ಕಡೆ ಬಡಿದುಕೊಳ್ಳುತ್ತದೆ. ಬ್ಯಾಟರಿಯ ಕರೆಂಟನ್ನು ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಯಾಕೆ ಅಂದರೆ ಒಂದೇ ಸಮ ಹರಿಯುವ ಕರೆಂಟನ್ನು ಟ್ರಾನ್ಸ್‌ಫಾರ್ಮರ್ ಏರಿಸಲಾರದು. ಏರಿಳಿತ ಬೇಕು. ಆ ನಾಲಗೆಯ ತುದಿ ಸುಟ್ಟರೆ ರೇಡಿಯೋ ಸತ್ತ ಹಾಗೆ.

ಕರೆಂಟಿನ ಸೆಟ್ಟಿಗೆ ಬರೋಣ. ಗೋಡೆಯಲ್ಲಿ 230 ವೋಲ್ಟು, ಸೆಕೆಂಡಿಗೆ 50 ಸಲ ಆ ಕಡೆ ಈ ಕಡೆ ಹೋಗಿ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ಎರಡು ಪಾಲು ಮಾಡುತ್ತದೆ. ವಾಲ್ವು ಬಿಸಿ ಮಾಡಲು 6.3 ವೋಲ್ಟು. ಇನ್ನೊಂದು ಕಡೆ ಎಚ್‌ಟಿ, ಅಂದರೆ 250, 300 ವೋಲ್ಟಿನ ದೊಡ್ಡ ಒತ್ತಡ. ರೆಕ್ಟಿಫೈಯರ್ ವಾಲ್ವು ಇದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. 5ವೈ3, ಇಜೆಡ್80, ಇವೆಲ್ಲ ಅದೇ ಕೆಲಸದವು. ತಿರುಗಿಸಿದ ಮೇಲೂ ಅದು ಸಮತಟ್ಟಾಗಿ ಬರುವುದಿಲ್ಲ. ಸೆಕೆಂಡಿಗೆ 100 ದಿಬ್ಬ. ದಿಬ್ಬದ ನಡುವಿನ ಗುಂಡಿ ತುಂಬುವುದು ಕರೆಂಟು ಕೂಡಿಟ್ಟುಕೊಳ್ಳುವ ಕಂಡೆನ್ಸರು. ಉಳಿದದ್ದನ್ನು ತಡೆದು ಸವರುವುದು ಚೋಕು. ಕಬ್ಬಿಣದ ಮೇಲೆ ತಂತಿ ಸುತ್ತಿದ ಒಂದು ಗಟ್ಟಿ, ಅಷ್ಟೇ. ಏರಿಳಿಯುವ ಕರೆಂಟಿಗೆ ಅದು ಅಡ್ಡ ನಿಲ್ಲುತ್ತದೆ, ಸಮ ಕರೆಂಟಿಗೆ ದಾರಿ ಬಿಡುತ್ತದೆ.

ಕಂಡೆನ್ಸರ್ ಒಣಗಿದಾಗ ಗುಂಡಿ ತುಂಬುವುದಿಲ್ಲ. ಆ 100 ದಿಬ್ಬವೇ ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ. ಕಿವಿಯಿಂದಲೇ ಕಾಯಿಲೆ ಹಿಡಿಯಬಹುದು. ವಾಲ್ಯೂಮ್ ಪೂರ್ತಿ ಇಳಿಸಿ. ಆದರೂ ಗುಂಯ್ ಹಾಗೇ ಇದ್ದರೆ ಸಪ್ಲೈ ಕಂಡೆನ್ಸರ್ ನೋಡಿ. ವಾಲ್ಯೂಮ್ ಜೊತೆ ಅದೂ ಇಳಿದರೆ ಅದಕ್ಕಿಂತ ಹಿಂದಿನ ವಾಲ್ವುಗಳ ಕಡೆ ನೋಡಬೇಕು. ವಾಲ್ವಿನ ಹೀಟರಿನಿಂದ ಸೋರಿದರೆ ಅದು 50ರ ಗುಂಯ್, ಒಂದು ಸ್ಥಾಯಿ ಕೆಳಗೆ. ಸಂಗೀತ ಬಲ್ಲವರು ಇದನ್ನು ನನಗಿಂತ ಬೇಗ ಹಿಡಿಯುತ್ತಾರೆ. ಇಲ್ಲಿ ಕೂತಿರುವ ಹಾರ್ಮೋನಿಯಂ ನುಡಿಸುವವರು ಒಮ್ಮೆ ಪ್ರಯತ್ನ ಮಾಡಿ ನೋಡಿ.

ಈಗ ನನಗೆ ತುಂಬ ಇಷ್ಟದ ವಿಷಯ. ಈ ಎರಡನೇ ಸ್ಪೀಕರ್ ನೋಡಿ. 1930ರ ದಶಕದ ಒಂದು ಸೆಟ್ಟಿನದು. ಹಿಂದೆ ದಪ್ಪನೆಯ ಮಡಕೆ ಹಾಗೆ ಇದೆ. ಇದಕ್ಕೆ ಕಬ್ಬಿಣದ ಮೊಳೆ ಹತ್ತಿರ ಹಿಡಿಯುತ್ತೇನೆ. ನೋಡಿ, ಹಿಡಿಯುವುದೇ ಇಲ್ಲ ಅನ್ನಬೇಕು. ಅಯಸ್ಕಾಂತ ಇಲ್ಲದ ಸ್ಪೀಕರ್!

ಸ್ಪೀಕರ್ ಕೆಲಸ ಮಾಡಲು ಅಯಸ್ಕಾಂತ ಬೇಕೇ ಬೇಕು. ಕಾಗದದ ಕೋನಿನ ಬುಡದಲ್ಲಿ ಸಣ್ಣ ತಂತಿಯ ಸುರುಳಿ ಇದೆ. ಅದು ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ತೂಗುತ್ತಿರುತ್ತದೆ. ಸುರುಳಿಯಲ್ಲಿ ಕರೆಂಟು ಏರಿಳಿದರೆ ಕೋನು ಹಿಂದೆ ಮುಂದೆ ಆಡುತ್ತದೆ. 1915ರ ಹೊತ್ತಿಗೇ ಅಮೆರಿಕದಲ್ಲಿ ಪೀಟರ್ ಜೆನ್ಸನ್, ಎಡ್ವಿನ್ ಪ್ರಿಡ್ಹ್ಯಾಮ್ ಅನ್ನುವ ಇಬ್ಬರು ಇಂಥ ಸುರುಳಿಗೆ ಕೊಂಬು ಜೋಡಿಸಿ ತೋರಿಸಿದ್ದರು. 1925ರಲ್ಲಿ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಕೊಂಬು ತೆಗೆದು ಕಾಗದದ ಕೋನು ಹಾಕುವ ಬಗೆಯನ್ನು ಬರೆದು ಪ್ರಕಟಿಸಿದರು. ನಿಮ್ಮ ಮನೆಯ ಟಿವಿಯ ಸ್ಪೀಕರೂ ಇವತ್ತಿಗೂ ಅದೇ ಜಾತಿ.

ಆದರೆ ಆ ಕಾಲದ ಅಯಸ್ಕಾಂತಕ್ಕೆ ಬಲ ಸಾಲದು. ಬಲ ಬೇಕಾದರೆ ತೂಕ, ತೂಕಕ್ಕೆ ದುಡ್ಡು. ಅದಕ್ಕೆ ಅವರು ತಂತಿ ಸುತ್ತಿ ಕರೆಂಟು ಹರಿಸಿ ವಿದ್ಯುತ್ ಅಯಸ್ಕಾಂತ ಮಾಡಿಕೊಂಡರು. ಇದೇ ಫೀಲ್ಡ್ ಕಾಯಿಲ್. ಮೊದಮೊದಲು ಅದಕ್ಕೆ 6 ವೋಲ್ಟ್ ಬ್ಯಾಟರಿ ಕಟ್ಟುತ್ತಿದ್ದರು. ಕರೆಂಟಿನ ರೇಡಿಯೋ ಬಂದಾಗ ಇನ್ನೊಂದು ಉಪಾಯ ಸಿಕ್ಕಿತು. ಸಪ್ಲೈಗೆ ಚೋಕ್ ಬೇಕು, ಅದು ಕಬ್ಬಿಣದ ಮೇಲೆ ಸುತ್ತಿದ ತಂತಿ. ಸ್ಪೀಕರಿಗೆ ಫೀಲ್ಡ್ ಕಾಯಿಲ್ ಬೇಕು, ಅದೂ ಕಬ್ಬಿಣದ ಮೇಲೆ ಸುತ್ತಿದ ತಂತಿ. ಎರಡು ಯಾಕೆ? ಒಂದೇ ಸಾಕು! ರೇಡಿಯೋದ ಪೂರ್ತಿ ಎಚ್‌ಟಿ ಕರೆಂಟನ್ನು ಸ್ಪೀಕರಿನ ಹಿಂಭಾಗದ ಮೂಲಕವೇ ಹಾಯಿಸಿದರು. ಕರೆಂಟು ಹೋಗುವಾಗ ಅಯಸ್ಕಾಂತ ಹುಟ್ಟಿಸುತ್ತದೆ, ಹಾಗೇ ಸಮತಟ್ಟೂ ಆಗುತ್ತದೆ. ಇದನ್ನು ಯೋಚಿಸಿದವರ ಬಗ್ಗೆ ನನಗೆ ಇವತ್ತಿಗೂ ಬಹಳ ಗೌರವ.

ಲೆಕ್ಕ ಹಾಕಿ ನೋಡೋಣ. ಫೀಲ್ಡ್ ಕಾಯಿಲಿನ ತಡೆ 1500 ಓಮ್ ಅನ್ನಿ. ಸೆಟ್ಟು 60 ಮಿಲಿಆಂಪ್ ಎಳೆಯುತ್ತದೆ. ಕಾಯಿಲಿನಲ್ಲಿ 90 ವೋಲ್ಟು ಬೀಳುತ್ತದೆ. ಅಂದರೆ 350 ಬಂದರೆ 260 ಮುಂದೆ ಹೋಗುತ್ತದೆ. ಕಾಯಿಲಿನಲ್ಲಿ ಐದೂವರೆ ವ್ಯಾಟಿನಷ್ಟು ಶಾಖ. ಸ್ಪೀಕರ್ ಬೆನ್ನು ಬೆಚ್ಚಗಿರುತ್ತಿತ್ತು. ನಮ್ಮ ಮಳೆಗಾಲಕ್ಕೆ ಅದು ಒಳ್ಳೆಯದೇ ಆಯಿತು ಅನ್ನಿ. ಕೋನಿನ ಕಾಗದ ತೇವ ಹಿಡಿಯುತ್ತಿರಲಿಲ್ಲ.

ಇದರ ಪಾಠ ನನಗೆ ಹತ್ತಿದ್ದು ಒಂದೇ ದಿನದಲ್ಲಿ. ಶಿವಮೊಗ್ಗದ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿ ಇನ್ನೂ ಎರಡು ತಿಂಗಳು. ಇಂಥದೇ ಒಂದು ಸೆಟ್ಟು ಮೇಜಿನ ಮೇಲೆ ನಡೆಯುತ್ತಿತ್ತು. ದನಿ ಒಡಕು. ಬೇರೆ ಸ್ಪೀಕರ್ ಹಾಕಿ ನೋಡೋಣ ಅಂತ, ಸೆಟ್ಟು ಆರಿಸದೆಯೇ ಸ್ಪೀಕರಿನ ಪ್ಲಗ್ಗು ಎಳೆದೆ. ದನಿ ನಿಂತಿತು. ಕೆಲವೇ ಕ್ಷಣ. ಢಬ್ ಅಂತ ಒಂದು ಕಂಡೆನ್ಸರ್ ಸಿಡಿಯಿತು. ಬಿಸಿ ಹಬೆ, ಕಾಗದದ ಚೂರು, ಕಣ್ಣು ಉರಿಯುವ ವಾಸನೆ. ಮುಖ ಸ್ವಲ್ಪ ಪಕ್ಕಕ್ಕೆ ಇದ್ದದ್ದರಿಂದ ಕಣ್ಣು ಉಳಿಯಿತು.

ನನಗೆ ಕೆಲಸ ಕಲಿಸಿದ ಗುರುಗಳು ಬೈಯಲಿಲ್ಲ. ಪ್ಲಗ್ ಕಿತ್ತು, ಉಳಿದ ಕಂಡೆನ್ಸರನ್ನು ಖಾಲಿ ಮಾಡಿ, ನನ್ನನ್ನು ಪಕ್ಕಕ್ಕೆ ಕೂರಿಸಿ ಹೇಳಿದರು: "ನೀನು ಬಿಚ್ಚಿದ್ದು ಸ್ಪೀಕರನ್ನಲ್ಲ ಮಾರಾಯ, ಸಪ್ಲೈಯನ್ನ."

ಆಗಿದ್ದು ಇಷ್ಟು. ಫೀಲ್ಡ್ ಕಾಯಿಲ್ ಕಳಚಿತು, ಮುಂದಕ್ಕೆ ಕರೆಂಟು ಹೋಗುವ ದಾರಿಯೇ ಇಲ್ಲ. ಮೊದಲನೇ ಕಂಡೆನ್ಸರಿನಿಂದ ಎಳೆಯುವವರು ಯಾರೂ ಇಲ್ಲದೆ ಅದು ದಿಬ್ಬದ ತುದಿಯವರೆಗೆ ತುಂಬಿತು. ಟ್ರಾನ್ಸ್‌ಫಾರ್ಮರಿನ 350 ವೋಲ್ಟು ಅಂದರೆ ತುದಿಯಲ್ಲಿ 1.414 ಪಟ್ಟು, 495 ವೋಲ್ಟು. ಕಂಡೆನ್ಸರಿನ ಮೇಲೆ ಬರೆದಿದ್ದದ್ದು 450. ಅದೂ ಹಳೆಯದು.

ಇಂಥ ಸ್ಪೀಕರಿಗೆ ಒಂದು ಸ್ವಭಾವದ ದೋಷ ಇದೆ. ಸಮತಟ್ಟಾಗದ ಕರೆಂಟು ಹೋಗುವುದರಿಂದ ಅಯಸ್ಕಾಂತವೇ ಸಣ್ಣಗೆ ನಡುಗುತ್ತದೆ. ಆ ನಡುಕ ಕೋನಿಗೆ ಬರುತ್ತದೆ. ಅದಕ್ಕೂ ಮದ್ದು ಕಂಡುಕೊಂಡರು. ಫೀಲ್ಡ್ ಕಾಯಿಲಿನ ಮೇಲೆ ಕೆಲವೇ ಸುತ್ತು ದಪ್ಪ ತಂತಿ ಸುತ್ತಿ, ಅದನ್ನು ವಾಯ್ಸ್ ಕಾಯಿಲಿಗೆ, ಅಂದರೆ ಕೋನಿನ ಬುಡದ ಸುರುಳಿಗೆ, ತಿರುಗಾ ಮುರುಗಾ ಜೋಡಿಸಿದರು. ಅಲ್ಲಿ ಹುಟ್ಟುವ ಗುಂಯ್ ಇಲ್ಲಿಯ ಗುಂಯ್‌ಗೆ ಎದುರಾಗಿ ಎರಡೂ ಅಡಗುತ್ತವೆ. ಸ್ಪೀಕರ್ ಬಿಚ್ಚಿದಾಗ ಈ ಸಣ್ಣ ಸುರುಳಿಯ ಎರಡು ತುದಿ ಅದಲು ಬದಲಾಗದಂತೆ ನೋಡಿಕೊಳ್ಳಿ. ಬದಲಾದರೆ ಗುಂಯ್ ಇಮ್ಮಡಿ. ಆಮೇಲೆ ಎಷ್ಟು ಕಂಡೆನ್ಸರ್ ಬದಲಾಯಿಸಿದರೂ ಹೋಗುವುದಿಲ್ಲ.

1931ರಲ್ಲಿ ಜಪಾನಿನ ತೊಕುಶಿಚಿ ಮಿಶಿಮಾ ಕಬ್ಬಿಣ, ನಿಕ್ಕಲ್, ಅಲ್ಯೂಮಿನಿಯಂ ಸೇರಿಸಿ ಬಲವಾದ ಅಯಸ್ಕಾಂತದ ಲೋಹ ಕಂಡುಹಿಡಿದರು. ಅದರ ದಾರಿಯಲ್ಲಿ ಅಲ್ನಿಕೊ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಫೀಲ್ಡ್ ಕಾಯಿಲ್ ಬೇಗ ಮರೆಯಾಯಿತು. ನಮ್ಮ ಮನೆಗಳಲ್ಲಿ ಇರುವ ಫಿಲಿಪ್ಸ್, ಮರ್ಫಿ, ಬುಷ್ ಸೆಟ್ಟುಗಳಲ್ಲಿ ಹೆಚ್ಚಿನವು ಆಮೇಲಿನವು. ಅವುಗಳ ಸ್ಪೀಕರಿನಲ್ಲಿ ಅಯಸ್ಕಾಂತ ಕಾಯಂ ಇದೆ.

ಹಾಗಾದರೆ ಅಲ್ಲಿ ಸ್ಪೀಕರಿಗೂ ಸಪ್ಲೈಗೂ ನಂಟು ತಪ್ಪಿತಾ? ಇಲ್ಲ. ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇದೆ. ಮಲೆನಾಡಿನ ರೇಡಿಯೋಗಳು ಸಾಯುವುದು ಇಲ್ಲೇ ಜಾಸ್ತಿ. ಅದಕ್ಕೆ ಇದನ್ನು ನಿಧಾನವಾಗಿ ಹೇಳುತ್ತೇನೆ.

ಕೊನೆಯ ವಾಲ್ವಿಗೆ ವೋಲ್ಟೇಜ್ ಜಾಸ್ತಿ, ಕರೆಂಟು ಕಮ್ಮಿ. ಸುಮಾರು 5000 ಓಮಿನ ಹೊರೆ ಕೊಟ್ಟರೆ ಅದಕ್ಕೆ ಖುಷಿ. ಸ್ಪೀಕರಿನ ಸುರುಳಿ ಬರೀ 3 ಓಮ್. ನೇರ ಜೋಡಿಸಿದರೆ ಏನೂ ಕೇಳುವುದಿಲ್ಲ. ಈ ಪುಟ್ಟ ಟ್ರಾನ್ಸ್‌ಫಾರ್ಮರ್ ನಡುವೆ ನಿಂತು ಇಬ್ಬರಿಗೂ ಹೊಂದಿಸುತ್ತದೆ. ಒಂದು ಕಡೆ 40 ಸುತ್ತಿದ್ದರೆ ಇನ್ನೊಂದು ಕಡೆ ಒಂದು, ಆ ಪ್ರಮಾಣ. ನಲವತ್ತನ್ನು ನಲವತ್ತರಿಂದ ಗುಣಿಸಿ, ಮೂರರಿಂದ ಗುಣಿಸಿ. 4800 ಬರುತ್ತದೆ, ಅಲ್ವಾ? ಹಾಗೆ. ವಾಲ್ವಿನ ಕಡೆ ಸಾವಿರಾರು ಸುತ್ತು ಬೇಕು, ಜಾಗ ಸಣ್ಣದು, ಆದ್ದರಿಂದ ತಂತಿ ಕೂದಲೆಳೆಯಷ್ಟು. ಆ ಕೂದಲೆಳೆಯ ಮೂಲಕವೇ 250 ವೋಲ್ಟಿನ ಎಚ್‌ಟಿ ವಾಲ್ವಿಗೆ ಹೋಗುತ್ತದೆ. ಸಪ್ಲೈಯ ದಾರಿಯೂ ಅದೇ, ದನಿಯ ದಾರಿಯೂ ಅದೇ.

ಈಗ ನಮ್ಮ ಮಳೆ ನೆನೆಸಿಕೊಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಪುನರ್ವಸು, ಪುಷ್ಯ ಮಳೆ ಹೊಡೆಯುವಾಗ ಗೋಡೆ ಬೆವರುತ್ತದೆ. ಕಪಾಟಿನ ಬಟ್ಟೆಗೆ ಬೂಸ್ಟು. ರೇಡಿಯೋದೊಳಗಿನ ಕಾಗದ, ಮೇಣ, ಹತ್ತಿಯ ಬಟ್ಟೆ ಎಲ್ಲ ಆ ತೇವ ಕುಡಿಯುತ್ತವೆ. ತೇವದ ಜೊತೆಗೆ ಸಮ ಕರೆಂಟಿನ ಎಚ್‌ಟಿ ಸೇರಿದರೆ ತಾಮ್ರ ನಿಧಾನಕ್ಕೆ ಕರಗುತ್ತದೆ. ಆಭರಣಕ್ಕೆ ಗಿಲೀಟು ಹಾಕುವವರು ದ್ರಾವಣದಲ್ಲಿ ಕರೆಂಟು ಬಿಟ್ಟು ಲೋಹ ಕರಗಿಸುತ್ತಾರಲ್ಲ, ಅದೇ ಕೆಲಸ ಇಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಒಂದು ದಿನ ಒಂದು ಜಾಗದಲ್ಲಿ ತಂತಿ ತುಂಡಾಗುತ್ತದೆ. ಟ್ರಾನ್ಸ್‌ಫಾರ್ಮರ್ ಬಿಚ್ಚಿದರೆ ಆ ಜಾಗದಲ್ಲಿ ಹಸಿರು ಕಿಲುಬಿನ ಒಂದು ಚುಕ್ಕಿ. ಸಾಸಿವೆ ಕಾಳಿನಷ್ಟು. ಹೊಸನಗರದ ಕಡೆಯ ಒಂದು ಮನೆಯ ಸೆಟ್ಟು ಇಪ್ಪತ್ತೆರಡು ವರ್ಷ ಮಾತಾಡದೆ ಕೂತಿತ್ತು. ಉಳಿದದ್ದೆಲ್ಲ ಸರಿ ಇತ್ತು. ಕಾರಣ ಆ ಒಂದು ಚುಕ್ಕಿ. ಹೊಸದಾಗಿ ಸುತ್ತಿಸಿ, ಒಲೆಯ ಹತ್ತಿರ ಬೆಚ್ಚಗೆ ಒಣಗಿಸಿ, ವಾರ್ನಿಷ್ ಕುಡಿಸಿ ಹಾಕಿದೆ. ಆ ಮನೆಯ ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರ ಯಜಮಾನರು ಇದ್ದಾಗ ಕೊನೆಯ ಸಲ ಮಾತಾಡಿತ್ತಂತೆ ಆ ರೇಡಿಯೋ.

ತಂತಿ ತುಂಡಾದಾಗ ಒಂದು ಲಕ್ಷಣ ಕಾಣುತ್ತದೆ, ನೆನಪಿಟ್ಟುಕೊಳ್ಳಿ. ದನಿ ಇಲ್ಲ. ಕೊನೆಯ ವಾಲ್ವಿನ ಒಳಗೆ ಸಣ್ಣ ತಂತಿಯ ಜಾಲರಿ ಕೆಂಪಗೆ ಕಾದಿರುತ್ತದೆ. ವಾಲ್ವಿನ ಆನೋಡಿಗೆ, ಅಂದರೆ ಆ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿದ ತಗಡಿಗೆ, ವೋಲ್ಟೇಜ್ ಬಾರದ್ದರಿಂದ ಹೊರೆಯೆಲ್ಲ ಸ್ಕ್ರೀನ್ ಗ್ರಿಡ್ ಅನ್ನುವ ಈ ಜಾಲರಿಯ ಮೇಲೆ ಬಿದ್ದಿದೆ. ಕೂಡಲೇ ಆರಿಸಿ. ಇಲ್ಲದಿದ್ದರೆ ವಾಲ್ವೂ ಹೋಗುತ್ತದೆ. ಹಾಗೆಯೇ, ಸ್ಪೀಕರ್ ಕಳಚಿಟ್ಟು ಸೆಟ್ಟು ಹಚ್ಚಲೂಬಾರದು. ಹೊರೆ ಇಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಚಿಮ್ಮಿ ಒಳಗೇ ಕಿಡಿ ಹಾರಬಹುದು.

ಇದರ ಜೊತೆಗಾರ ಇನ್ನೊಬ್ಬ ಇದ್ದಾನೆ. ಕೊನೆಯ ವಾಲ್ವಿಗೆ ದನಿ ತಂದು ಕೊಡುವ ಪುಟ್ಟ ಕಾಗದದ ಕಂಡೆನ್ಸರ್. ಸಾಮಾನ್ಯವಾಗಿ 0.01 ಮೈಕ್ರೋಫ್ಯಾರಡ್. ಅದರ ಒಂದು ಕಾಲಿನಲ್ಲಿ ನೂರರ ಹತ್ತಿರದ ವೋಲ್ಟು, ಇನ್ನೊಂದು ಕಾಲು ವಾಲ್ವಿನ ಗ್ರಿಡ್ಡಿಗೆ, ಅಂದರೆ ಕಾಲುವೆಯ ಹಲಗೆಯ ಕೆಲಸ ಮಾಡುವ ಇನ್ನೊಂದು ಜಾಲರಿಗೆ. ದನಿ ಮಾತ್ರ ದಾಟಬೇಕು, ವೋಲ್ಟು ದಾಟಬಾರದು. ತೇವ ಕುಡಿದ ಮೇಲೆ ವೋಲ್ಟೂ ಸ್ವಲ್ಪ ಸೋರುತ್ತದೆ. ಗ್ರಿಡ್ಡು ಹಿಡಿತ ತಪ್ಪುತ್ತದೆ. ವಾಲ್ವು ಬೇಕಾದ್ದಕ್ಕಿಂತ ಜಾಸ್ತಿ ಕರೆಂಟು ಎಳೆಯುತ್ತದೆ. ಮೊದಲ ಹತ್ತು ನಿಮಿಷ ದನಿ ಚೆನ್ನಾಗಿರುತ್ತದೆ, ಬಿಸಿಯೇರಿದಂತೆ ಗೊಗ್ಗರಾಗುತ್ತದೆ. ಕೇಳಿದವರು ಸ್ಪೀಕರ್ ಹರಿದಿದೆ ಅನ್ನುತ್ತಾರೆ. ಸ್ಪೀಕರಿಗೆ ಏನೂ ಆಗಿರುವುದಿಲ್ಲ. ಹಾಗೇ ಬಿಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ರೆಕ್ಟಿಫೈಯರ್ ಸೊರಗುತ್ತದೆ. ಒಂದು ಟೀ ದುಡ್ಡಿನ ಕಂಡೆನ್ಸರಿನಿಂದ ಇಷ್ಟೆಲ್ಲ. ಯಾವ ಹಳೇ ಸೆಟ್ಟು ಬಂದರೂ ನಾನು ಮೊದಲು ಬದಲಾಯಿಸುವುದು ಅದನ್ನೇ. 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ಹಾಕಿದರೆ ನಿಶ್ಚಿಂತೆ.

ನಿಜವಾಗಿ ಸ್ಪೀಕರೇ ಕೆಟ್ಟಿದ್ದರೆ? ಅದನ್ನೂ ಹೇಳುತ್ತೇನೆ. ಸೆಟ್ಟು ಪ್ಲಗ್ಗಿನಿಂದ ಕಿತ್ತಿರಲಿ. ಕೋನನ್ನು ಎರಡು ಕೈಯ ಬೆರಳಿನಿಂದ ಸಮವಾಗಿ ಮೆಲ್ಲಗೆ ಒತ್ತಿ ನೋಡಿ. ಕರಕರ ಅಂದರೆ ಸುರುಳಿ ಸಂದಿಯಲ್ಲಿ ಉಜ್ಜುತ್ತಿದೆ. ತೇವಕ್ಕೆ ಕಾಗದ ಜೋತು ಬಿದ್ದಿರುತ್ತದೆ, ಇಲ್ಲವೇ ಸಂದಿಯಲ್ಲಿ ತುಕ್ಕು ಹಿಡಿದಿರುತ್ತದೆ. ಸುರುಳಿ ಜೀವಂತವಿದೆಯೇ ನೋಡಲು ಒಂದೂವರೆ ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ. ಟಕ್ ಅನ್ನಬೇಕು.

ಉಜ್ಜುವ ಸುರುಳಿಯನ್ನು ನಡುವಿಗೆ ತರಲು ನನ್ನ ಗುರುಗಳು ಹಳೇ ಫೋಟೋ ಫಿಲ್ಮಿನ ಪಟ್ಟಿ ಬಳಸುತ್ತಿದ್ದರು. ನಾನೂ ಅದನ್ನೇ ಮಾಡುತ್ತೇನೆ. ನಡುವಿನ ಫೆಲ್ಟಿನ ಟೋಪಿ ಜೋಪಾನವಾಗಿ ಬಿಡಿಸಿ, ಸುರುಳಿಯ ಒಳಗೆ ಸುತ್ತಲೂ ನಾಲ್ಕು ಪಟ್ಟಿ ಇಳಿಸಬೇಕು. ಸುರುಳಿಯನ್ನು ನಡುವಿನಲ್ಲಿ ಹಿಡಿದಿಡುವ ಸ್ಪೈಡರಿಗೆ ತಿರುಪು ಇರುವ ಹಳೇ ಸ್ಪೀಕರಾದರೆ ಅದನ್ನು ಸಡಿಲಿಸಿ, ತಾನಾಗಿ ನಡುವಿಗೆ ಕೂರಲು ಬಿಟ್ಟು, ಮತ್ತೆ ಬಿಗಿದು, ಪಟ್ಟಿ ತೆಗೆಯುವುದು. ಎಷ್ಟು ಸಂತೋಷದ ಕೆಲಸ ಅದು! ಹರಿದ ಕೋನಿಗೆ ತೆಳು ಟಿಶ್ಯೂ ಕಾಗದ, ನೀರು ಬೆರೆಸಿದ ಬಿಳಿ ಗೋಂದು ಸಾಕು. ಮೈದಾ ಅಂಟು ಬೇಡ, ಜಿರಳೆ ಬಂದು ಕೋನನ್ನೂ ಸೇರಿಸಿ ತಿನ್ನುತ್ತವೆ. ಸೆಲ್ಲೋಟೇಪಂತೂ ಖಂಡಿತ ಬೇಡ.

ಮೂಲ ಸ್ಪೀಕರನ್ನು ಎಸೆಯಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಆ ಹಗುರ ಕಾಗದ ಮೂರು ನಾಲ್ಕು ವ್ಯಾಟಿನಲ್ಲಿ ಮನೆ ತುಂಬಲು ಅಂತಲೇ ಮಾಡಿದ್ದು. ಈಗಿನ ಕಾರಿನ ಸ್ಪೀಕರ್ ಹತ್ತಾರು ವ್ಯಾಟು ಬೇಡುವಂಥದು. ಅದನ್ನು ತಂದು ಹಾಕಿದರೆ ದನಿ ಬಾವಿಯೊಳಗಿಂದ ಬಂದ ಹಾಗೆ. ಮರದ ಪೆಟ್ಟಿಗೆಯೂ ಅಲಂಕಾರಕ್ಕಲ್ಲ. ಕೋನಿನ ಹಿಂದಿನ ಸದ್ದು ಮುಂದಿನ ಸದ್ದನ್ನು ಸುತ್ತಿ ಬಂದು ಕೆಡಿಸದಂತೆ ಅದು ತಡೆಯುತ್ತದೆ. ಸ್ಪೀಕರನ್ನು ಹೊರಗೆ ತೆಗೆದು ನುಡಿಸಿ ನೋಡಿ, ಮದ್ದಳೆಯ ದಪ್ಪ ಸದ್ದೇ ಮಾಯ.

ಫೀಲ್ಡ್ ಕಾಯಿಲ್ ಸುಟ್ಟೇ ಹೋಗಿ, ಬೇರೆ ದಾರಿ ಇಲ್ಲದೆ ಕಾಯಂ ಅಯಸ್ಕಾಂತದ ಸ್ಪೀಕರ್ ಹಾಕಬೇಕಾದರೆ, ಕಾಯಿಲಿನ ಜಾಗದಲ್ಲಿ ಅಷ್ಟೇ ಓಮಿನ ರೆಸಿಸ್ಟರೋ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಚೋಕೋ ಇಡಬೇಕು. ನಾನಾಗಲೇ ಹೇಳಿದ ಲೆಕ್ಕಕ್ಕೆ 1500 ಓಮ್, 10 ವ್ಯಾಟಿನದು. ಬರೀ ರೆಸಿಸ್ಟರಾದರೆ ಅದರ ಮುಂದಿನ ಕಂಡೆನ್ಸರ್ ದೊಡ್ಡದು ಮಾಡಿ.

ವೋಲ್ಟೇಜಿನ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ನಮ್ಮ ಲೈನುಗಳ ಮೇಲೆ ಮರ ಬೀಳುವುದು, ದೀಪ ಮಿಣುಕುವುದು ನಿಮಗೆಲ್ಲ ಗೊತ್ತು. 230ರ ಬದಲು 180 ಬಂದರೆ ಹೀಟರಿಗೆ 6.3 ಅಲ್ಲ, 4.9 ಸಿಗುತ್ತದೆ. ದನಿ ಕುಗ್ಗುತ್ತದೆ, ಶಾರ್ಟ್ ವೇವ್ ಮೊದಲು ಸಾಯುತ್ತದೆ. ಅದಕ್ಕೆ ಎಷ್ಟೋ ಮನೆಗಳಲ್ಲಿ ಹಿಂದಿನ ವೋಲ್ಟೇಜ್ ಕೀಲಿಯನ್ನು 200ಕ್ಕೆ ಹಾಕಿಸಿಕೊಂಡಿರುತ್ತಾರೆ. ಆಗ ಅದು ಸರಿ ಇತ್ತು. ಈಗ ಅದೇ ಪ್ಲಗ್ಗಿನಲ್ಲಿ 240 ಬಂದರೆ ಎಲ್ಲವೂ ಐದನೇ ಒಂದು ಪಾಲು ಜಾಸ್ತಿ. ಹೀಟರಿಗೆ ಏಳೂವರೆ, 250ರ ಎಚ್‌ಟಿ 300. ಹಳೇ ಸೆಟ್ಟು ಅಟ್ಟದಿಂದ ಇಳಿಸಿದಾಗ ಮೊದಲು ಆ ಕೀಲಿ ನೋಡಿ.

ಮತ್ತೆ, ಇಳಿಸಿದ ಸೆಟ್ಟನ್ನು ನೇರ ಪ್ಲಗ್ಗಿಗೆ ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ. ಸಪ್ಲೈ ಕಂಡೆನ್ಸರಿನೊಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ಆಕ್ಸೈಡಿನ ಅತಿ ತೆಳು ಪದರ ಇದೆ. ತಡೆ ಅಂದರೆ ಅದೊಂದೇ. ವರ್ಷಗಟ್ಟಲೆ ಕರೆಂಟು ಕಾಣದಿದ್ದರೆ ಅದು ಸವೆಯುತ್ತದೆ. ಒಮ್ಮೆಲೇ 300 ವೋಲ್ಟು ಬಿದ್ದರೆ ಒಳಗೆ ಕಾದು ಕುದಿಯುತ್ತದೆ. ಮೊದಲು ಇಲಿ ಕಡಿದ ವೈರು, ಕಣಜದ ಮಣ್ಣಿನ ಗೂಡು, ಗೆದ್ದಲು ಎಲ್ಲ ನೋಡಿ ಒಣ ಬ್ರಷ್ಷಿನಿಂದ ಗುಡಿಸಿ. ಕೆಲವು ದಿನ ಬೆಚ್ಚಗಿನ ಒಣ ಜಾಗದಲ್ಲಿ ಇಡಿ. ಆಮೇಲೆ ಹಳೇ ಗುಂಡು ಬಲ್ಬನ್ನು, 60 ವ್ಯಾಟಿನದು, ಸೀರೀಸಿನಲ್ಲಿ ಹಾಕಿ, ಅಂದರೆ ಸೆಟ್ಟಿಗೆ ಹೋಗುವ ಕರೆಂಟು ಬಲ್ಬಿನ ಮೂಲಕವೇ ಹಾಯುವಂತೆ. ಎಲ್‌ಇಡಿ ಆಗುವುದಿಲ್ಲ. ಬಲ್ಬು ಒಮ್ಮೆ ಹತ್ತಿ ಮಂದವಾದರೆ ಒಳ್ಳೆಯ ಲಕ್ಷಣ. ಪ್ರಖರವಾಗಿಯೇ ಉಳಿದರೆ ಒಳಗೆ ಎಲ್ಲೋ ಶಾರ್ಟು.

ಆ ಕಂಡೆನ್ಸರನ್ನು ಬದುಕಿಸಲೂಬಹುದು. ಬಿಡಿಸಿ ತೆಗೆದು, 47 ಸಾವಿರ ಓಮಿನ ರೆಸಿಸ್ಟರ್ ಮೂಲಕ ಎಚ್‌ಟಿ ಕೊಟ್ಟು ಕಾಯಬೇಕು. ಮೊದಲಿಗೆ 5 ಮಿಲಿಆಂಪ್ ಸೋರಿದರೆ 235 ವೋಲ್ಟು ರೆಸಿಸ್ಟರಿನಲ್ಲೇ ಬಿದ್ದುಹೋಗುತ್ತದೆ, ಕಂಡೆನ್ಸರಿಗೆ ಪೆಟ್ಟಾಗುವುದಿಲ್ಲ. ಪದರ ಬೆಳೆದಂತೆ ಸೋರುವುದು ಇಳಿಯುತ್ತದೆ, ವೋಲ್ಟೇಜ್ ತಾನಾಗಿ ಏರುತ್ತದೆ. ಒಂದು ರಾತ್ರಿಯ ಕೆಲಸ. ಏರದಿದ್ದರೆ ಹೊಸದು ಹಾಕಿ. ಆದರೆ ದೊಡ್ಡದಿದ್ದಷ್ಟೂ ಒಳ್ಳೆಯದು ಅಂತ ಮೊದಲನೇ ಕಂಡೆನ್ಸರನ್ನು ನೂರು ಮೈಕ್ರೋಫ್ಯಾರಡಿಗೆ ಏರಿಸಬೇಡಿ. ಪ್ರತಿ ದಿಬ್ಬದಲ್ಲೂ ಅದನ್ನು ತುಂಬಿಸುವ ಭಾರ ರೆಕ್ಟಿಫೈಯರ್ ವಾಲ್ವಿನ ಮೇಲೆ. ವಾಲ್ವಿನ ಬದಲು 1ಎನ್4007 ಡಯೋಡ್ ಹಾಕುವವರೂ ಇದ್ದಾರೆ. ಅದು ಬಿಸಿಯಾಗಲು ಕಾಯುವುದಿಲ್ಲ. ಉಳಿದ ವಾಲ್ವುಗಳು ಏಳುವ ಮೊದಲೇ ಪೂರ್ತಿ ವೋಲ್ಟೇಜ್ ಬಂದು ಕೂರುತ್ತದೆ.

ಕೊನೆಯದಾಗಿ ಪ್ರಾಣದ ವಿಷಯ. ಎಸಿ ಡಿಸಿ ಸೆಟ್ಟು, ಅಂದರೆ ಏರಿಳಿಯುವ ಕರೆಂಟು, ಸಮ ಕರೆಂಟು ಎರಡರಲ್ಲೂ ನಡೆಯುವ ಸೆಟ್ಟು, ಅಂತ ಒಂದು ಜಾತಿ ಇದೆ. ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ವಾಲ್ವಿನ ಹೆಸರು ಯು ಅಕ್ಷರದಿಂದ ಶುರು: ಯುಸಿಎಚ್42, ಯುಎಲ್41, ಯುವೈ41. ಹೀಟರುಗಳೆಲ್ಲ ಸರಪಳಿಯಾಗಿ ನೇರ ಗೋಡೆಯ ಕರೆಂಟಿಗೆ. ಪ್ಲಗ್ಗು ತಿರುಗಿಸಿ ಹಾಕಿದರೆ ತಗಡಿನ ಚಾಸಿಗೇ 230 ವೋಲ್ಟು. ನಾಬಿನ ಪುಟ್ಟ ತಿರುಪು ಮುಟ್ಟಿದರೂ ಸಾಕು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತಿದ್ದರೆ ಮುಗಿಯಿತು. ಇಂಥ ಸೆಟ್ಟಿಗೆ ಮೊಬೈಲ್ ಜೋಡಿಸಲೇಬಾರದು. ಈ ಮೇಜಿನ ಮೇಲಿರುವುದು ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟು, ಅದಕ್ಕೇ ಜೋಡಿಸಿದ್ದೇನೆ.

ಈಗ ಹಾಡು ನಡೆಯುತ್ತಿರುವಾಗಲೇ ಪ್ಲಗ್ಗು ಕೀಳುತ್ತೇನೆ. ಸ್ವಲ್ಪ ಸುಮ್ಮನಿದ್ದು ಕೇಳಿ.

ಕೇಳಿಸಿತಾ? ಪ್ಲಗ್ಗು ನನ್ನ ಕೈಯಲ್ಲಿದೆ, ಹಾಡು ಇನ್ನೂ ಎರಡು ಮಾತು ಹಾಡಿ ಮೆಲ್ಲಗೆ ತಗ್ಗಿತು. ಅಷ್ಟು ಹೊತ್ತು ಹಾಡಿದ್ದು ಕಂಡೆನ್ಸರಿನಲ್ಲಿ ಉಳಿದಿದ್ದ ಕರೆಂಟು.

ಇನ್ನು ಪ್ರಶ್ನೆಗಳಿಗೆ ಸಮಯ ಇದೆ. ಮೇಜಿನ ಹತ್ತಿರ ಬಂದು ನೋಡುವವರು ಬನ್ನಿ. ಆದರೆ ಒಳಗೆ ಕೈ ಹಾಕಬೇಡಿ, ಮೊದಲು ನಾನು ಕಂಡೆನ್ಸರ್ ಖಾಲಿ ಮಾಡುತ್ತೇನೆ.